ಸ್ವಯಂಕೃತಾಪರಾಧ

ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ‘ಸ್ವಯಂ’ ಜಾಲದಲ್ಲೇ ಕಲಿಯಬಹುದು ಎಂದು 2021ರಲ್ಲಿ ಯುಜಿಸಿ ನಿಯಮ ತಂದಾಗ ನಾನು ಹಾಕಿದ್ದು ನನ್ನ ಲೆಕ್ಕ. ಅರ್ಥಶಾಸ್ತ್ರದ ಮೇಷ್ಟ್ರಾದ ನಾನು ಇನ್ನು ಶೇ. 60 ಮಾತ್ರ. ಅದರಲ್ಲಿ ಶುಗರು, ಬೆನ್ನುನೋವು ಕಳೆದರೆ ಉಳಿಯುವುದೆಷ್ಟು? ಎದುರಾಳಿಯ ಗುಟ್ಟು ತಿಳಿಯೋಣವೆಂದು, ಐಐಟಿಗಳೂ ನಮ್ಮ ಐಐಎಸ್‌ಸಿಯೂ ಸೇರಿ ಕಟ್ಟಿದ, ‘ಸ್ವಯಂ’ ಜಾಲದಲ್ಲೇ ಪಾಠ ಹೇಳುವ ಎನ್‌ಪಿಟಿಇಎಲ್‌ನಲ್ಲಿ ನನ್ನದೇ ವಿಷಯದ 12 ವಾರದ ಕೋರ್ಸಿಗೆ ಸೇರಿಕೊಂಡೆ. ಸೇರುವುದು ಪುಕ್ಕಟೆ, ಪರೀಕ್ಷೆಗೆ ಸಾವಿರ ರೂಪಾಯಿ. ಅರ್ಥಶಾಸ್ತ್ರದಲ್ಲಿ ಪುಕ್ಕಟೆ ಎಂಬುದೇ ಇಲ್ಲವೆಂದು ವರ್ಷಾವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ.

ವಿಡಿಯೊದ ಪ್ರಾಧ್ಯಾಪಕರು ನಿಧಾನಸ್ಥರು. ನಮ್ಮ ಕೊನೇ ಬೆಂಚಿನ ಹುಡುಗ ಉಪಾಯ ಹೇಳಿಕೊಟ್ಟ: “ಸರ್, 1.5 ಸ್ಪೀಡಲ್ಲಿ ಹಾಕ್ಕೊಳ್ಳಿ. ನಾವೆಲ್ಲ ಹಂಗೇ ನೋಡೋದು. ಕ್ಲಾಸಲ್ಲಿ ನಿಮಗೆ ಆ ಬಟನ್ ಇಲ್ಲ, ಅದೇ ತೊಂದರೆ.” ಹಾಕಿಕೊಂಡೆ. ಅಡುಗೆಮನೆಯಿಂದ ಹೆಂಡತಿ ಕೂಗಿದಳು, “ಪಾಪ, ಅವರನ್ನ ಯಾರ್ರೀ ಅಟ್ಟಿಸ್ಕೊಂಡು ಬರ್ತಿರೋದು?”

ಅಸೈನ್‌ಮೆಂಟಿಗೆ ಬುಧವಾರ ರಾತ್ರಿ 11.59ರ ಗಡುವು. ಕೊಟ್ಟ ನಾಲ್ಕು ಉತ್ತರಗಳಲ್ಲೂ ಮೇಷ್ಟ್ರಿಗೆ ಅಷ್ಟಷ್ಟು ಸತ್ಯ ಕಾಣುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ. ಹತ್ತಕ್ಕೆ ಐದು ಬಂತು. ಕೃಪಾಂಕ ಬೇಡೋಣವೆಂದರೆ ಅಲ್ಲಿ ಮನುಷ್ಯರೇ ಇಲ್ಲ. 12ರಲ್ಲಿ ಚೆನ್ನಾಗಿ ಮಾಡಿದ 8 ಮಾತ್ರ ಲೆಕ್ಕಕ್ಕೆ ಎಂಬ ನಿಯಮವೇ ಮಾನ ಕಾಪಾಡಿದ್ದು.

ಪಾಠ ಮನೆಯಲ್ಲಾದರೂ ಪರೀಕ್ಷೆ ಮನೆಯಲ್ಲಲ್ಲ. ಹಾಲ್ ಟಿಕೆಟ್ ಹಿಡಿದು ಪರೀಕ್ಷಾ ಕೇಂದ್ರಕ್ಕೇ ಹೋಗಿ ಕಂಪ್ಯೂಟರಿನ ಮುಂದೆ ಕೂರಬೇಕು. ಪಕ್ಕದಲ್ಲಿ ಅದೇ ಹುಡುಗ. ಎದ್ದು ನಿಂತು ನಮಸ್ಕಾರ ಬೇರೆ ಮಾಡಿದ. ಸ್ವಲ್ಪ ಹೊತ್ತಿಗೆ ಒಂದು ಪ್ರಶ್ನೆ ತಲೆಗೆ ಹತ್ತಲಿಲ್ಲ. ಯೋಚಿಸುತ್ತಾ ಯೋಚಿಸುತ್ತಾ ಕಾಲು ತಾನಾಗಿ ಎದ್ದಿತು, ಕೈ ಬೆನ್ನ ಹಿಂದೆ ಹೋಯಿತು. ಸಾಲುಗಳ ನಡುವೆ ಅಡ್ಡಾಡತೊಡಗಿದೆ. ಒಂದು ಹುಡುಗಿಗೆ, “ಏನಮ್ಮಾ, ಅಕ್ಕಪಕ್ಕ ನೋಡ್ಬೇಡ” ಎಂದು ಗದರಿದೆನಂತೆ. ಮೇಲ್ವಿಚಾರಕಿ, ನನ್ನ ಮಗಳ ವಯಸ್ಸಿನವಳು, ಓಡಿಬಂದಳು. “ಅಂಕಲ್, ಇನ್ನೊಂದ್ಸಲ ಎದ್ರೆ ಹೊರಗೆ ಕಳಿಸ್ತೀನಿ!”

ಪಾಸಾಗಲು 40 ಬೇಕು, ನನಗೆ 43. 60 ದಾಟಿದವರ ಪ್ರಮಾಣಪತ್ರದಲ್ಲಿ ‘ಎಲೀಟ್’ ಎಂದಿರುತ್ತದೆ, ಹುಡುಗನದರಲ್ಲಿ ಇತ್ತು. ಪ್ರಾಂಶುಪಾಲರು ಖುಷಿಯಿಂದ ಇಬ್ಬರ ಫೋಟೊ ಕೊಟ್ಟು ಗೇಟಿಗೆ ಫ್ಲೆಕ್ಸ್ ಮಾಡಿಸಿದರು. ನಡುವೆ ಹಾರ ಹಾಕಿದಂತೆ ಅವನ ದೊಡ್ಡ ಚಿತ್ರ. ನನ್ನನ್ನು ಅವನ ತಂದೆಯೆಂದು ತಿಳಿದ ಪ್ರಿಂಟಿಂಗಿನವನು ಕೆಳಗಿನ ‘ಶುಭ ಕೋರುವವರು’ ಸಾಲಿಗೆ ಸೇರಿಸಿದ್ದ.