ಮೀನಿಗೊಂದು ಝೆರಾಕ್ಸ್

ಗಾಳದ ಹುಚ್ಚಿರುವವರ ಮನೆಗೆ ಮೀನು ಯಾವಾಗಲೂ ಪೇಟೆಯಿಂದಲೇ ಬರುತ್ತದೆ. ಕುಂದಾಪುರದ ಕಡೆಯ ಹೆಂಡಂದಿರಿಗೆಲ್ಲ ಇದು ಗೊತ್ತಿರುವುದರಿಂದ, ಗಂಡ ಬೆಳಿಗ್ಗೆ ರಾಡ್ ಹಿಡಿದು ಹೊಳೆಬದಿಗೆ ಹೊರಟ ಕೂಡಲೇ ಅವರು ಮೀನಿನವಳಿಗೆ ಫೋನ್ ಮಾಡಿಡುತ್ತಾರೆ. ನಿಮ್ಮ ಮನೆಯಲ್ಲೂ ಹೀಗೇ ಇರಬೇಕು. ಗಾಳ ಇಲ್ಲದಿದ್ದರೆ ಬೇರೆ ಏನಾದರೂ ಇದ್ದೇ ಇರುತ್ತದೆ.

ನಾನು ಸಿಗಡಿ ಚುಚ್ಚಿ ಕೂರುವ ಪಂಗಡದವನಲ್ಲ, ಲೂರ್ ಎಸೆಯುವವನು. ಲೂರ್ ಅಂದರೆ ಮರದ ಮೋಸದ ಮೀನು. ಮೂತಿಗೆ ಒಂದು ಪ್ಲಾಸ್ಟಿಕ್ ನಾಲಿಗೆ, ಹೊಟ್ಟೆಯಡಿ ಮೂರು ಕೊಕ್ಕೆಯ ಗಾಳ. ಎಳೆದರೆ ನಾಲಿಗೆ ನೀರನ್ನು ತಳ್ಳಿ, ಪೆಟ್ಟು ತಿಂದ ಮೀನು ಈಜುತ್ತಿದೆ ಎಂಬ ಭ್ರಮೆ ಹುಟ್ಟಿಸುವಂತೆ ಮೈ ಅಲ್ಲಾಡುತ್ತದೆ. ಪಂಚಗಂಗಾವಳಿ ಹೊಳೆಯ ಕಾಂಡ್ಲಾ ಗಿಡದ ಬೇರುಗಳ ಎಡೆಯಲ್ಲಿ ಅಡಗಿ ಕೂತ ಕೆಂಬೇರಿ ಮೀನು ಅದನ್ನು ಕಂಡು ಹಾರಿ ಬೀಳಬೇಕು. ನನ್ನ ವಿಷಯದಲ್ಲಿ ಬೀಳುವುದು ಲೂರೇ, ಅದೂ ಬೇರಿನೊಳಗೆ. ದಾರ ತುಂಡಾದರೆ ಐದಾರುನೂರು ರೂಪಾಯಿ ಹೊಳೆಗೆ.

ಹಾಗಾಗಿ ನಾನೇ ಒಂದು ಕೆತ್ತಿದೆ. ಫಿನ್ಲೆಂಡಿನ ಲೌರಿ ರಪಾಲ ಎಂಬ ಬಡ ಮೀನುಗಾರ 1936ರಲ್ಲಿ ಕಾರ್ಕಿನ ತುಂಡನ್ನು ಚಮ್ಮಾರರ ಚೂರಿಯಲ್ಲಿ ಕೆತ್ತಿ, ಚಾಕೊಲೇಟಿನ ಬೇಗಡೆ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಬಳಿದು ಲೂರ್ ಮಾಡಿದ್ದನಂತೆ. ಅವನಿಗಾದದ್ದು ನನಗೇಕೆ ಆಗಬಾರದು? ಬೂರುಗದ ತುಂಡು, ಅಡುಗೆಮನೆಯ ಚೂರಿ, ಮಗಳ ಉಗುರುಬಣ್ಣ. ಮೂತಿ ಸ್ವಲ್ಪ ಎಡಕ್ಕೆ ವಾಲಿತು. ಆದರೆ ಅದೇ ಸೊಟ್ಟಮೂತಿಗೆ ಒಂದು ಸಂಜೆ ಎರಡು ಕಿಲೋ ಮೇಲಿನ ಕೆಂಬೇರಿ ಬಿತ್ತು. ಬೆನ್ನಿನ ಮೇಲೆ ಹಲ್ಲಿನ ಗುರುತೂ ಉಳಿಯಿತು. ಆ ಗುರುತನ್ನು ನಾನು ಮನೆಗೆ ಬಂದವರಿಗೆಲ್ಲ ತೋರಿಸಿದೆ. ಕರೆಂಟ್ ಬಿಲ್ಲಿನವನೂ ನೋಡಿದ್ದಾನೆ.

ಆಮೇಲೆ ಕೆತ್ತಿದ ಒಂದೂ ಅದರಂತೆ ಬರಲಿಲ್ಲ. ಒಂದು ಬದನೆಕಾಯಿ ಆಯಿತು, ಇನ್ನೊಂದು ಬುಗುರಿ. ಅಷ್ಟರಲ್ಲಿ ಯೂಟ್ಯೂಬಿನಲ್ಲಿ ಒಬ್ಬ ಬಿಳಿಗಡ್ಡದ ಅಮೆರಿಕದವನು ಗ್ಯಾರೇಜಿನಲ್ಲಿ ನಕಲು ಯಂತ್ರ ಕಟ್ಟಿದ್ದು ಕಂಡೆ. ಒಂದು ಕಡೆ ಅಸಲು ಮೀನು, ಪಕ್ಕದಲ್ಲಿ ಖಾಲಿ ಮರದ ತುಂಡು. ಎರಡೂ ಒಟ್ಟಿಗೆ ಒಂದೇ ವೇಗದಲ್ಲಿ ಸುತ್ತುತ್ತವೆ. ಒಂದೇ ಹಲಗೆಗೆ ಬಿಗಿದ ಎರಡು ಕೈಗಳಲ್ಲಿ ಒಂದು ಅಸಲಿನ ಮೈ ಸವರುವ ಬೆರಳು, ಇನ್ನೊಂದು ಮರ ತಿನ್ನುವ ರೂಟರ್. ಬೆರಳು ಏರಿದಲ್ಲಿ ರೂಟರ್ ಏರುತ್ತದೆ, ಇಳಿದಲ್ಲಿ ಇಳಿಯುತ್ತದೆ. ಗಡ್ಡದವನು ಚಹಾ ಕುಡಿಯುವಷ್ಟರಲ್ಲಿ ಮೀನು ತಯಾರು. ನಾನೂ ಚಹಾ ಕುಡಿಯಬಲ್ಲೆ, ಅರ್ಧ ಯಂತ್ರ ಆದ ಹಾಗೆಯೇ ಎಂದುಕೊಂಡೆ.

ಹಲಗೆ ಹಿಂದೆ ಮುಂದೆ ಜಾರಲು ಡ್ರಾಯರ್ ಚಾನೆಲ್ ಬೇಕು. ನಮ್ಮ ಮನೆಯಲ್ಲಿ ಡ್ರಾಯರ್ ಚಾನೆಲ್ ಇರುವುದು ಡ್ರಾಯರಿನಲ್ಲಿ.

"ಹ್ವಾಯ್, ಚಮಚದ ಖಾನೆ ಎಂತಕ್ಕೆ ನೆಲದ್ ಮೇಲಿತ್?"

"ಒರೆಸುವಾ ಅಂತ ತೆಗೆದೆ."

ಮದುವೆಯಾದಂದಿನಿಂದ ನಾನು ಒಂದು ಚಮಚ ಒರೆಸಿದವನಲ್ಲ. ಅವಳು ಏನೂ ಹೇಳದೆ ಹೋದಳು. ಏನೂ ಹೇಳದೆ ಹೋಗುವುದು ಎಷ್ಟು ಅಪಾಯಕಾರಿ ಎಂದು ನಿಮಗೆ ಹೇಳಬೇಕಾಗಿಲ್ಲ.

ರೂಟರ್ ಕೊರಿಯರಿನಲ್ಲಿ ಬಂತು. ಬೆಲೆ ಕೇಳಿದಾಗ, ಎಲ್ಲ ಗಂಡಂದಿರೂ ಮಾಡುವ ಹಾಗೆ, ಅರ್ಧ ಹೇಳಿದೆ. "ಅಷ್ಟ್ ಕಮ್ಮಿಯಾ? ಹಾಂಗಾರೆ ಅಣ್ಣಂಗೂ ಒಂದ್ ತರ್ಸಿ" ಅಂದಳು. ತರಿಸಿದೆ. ಭಾವ ಅರ್ಧ ದುಡ್ಡು ಕೊಟ್ಟರು.

ಅಸಲು ಮತ್ತು ಮರ ಒಟ್ಟಿಗೆ ಸುತ್ತಬೇಕಲ್ಲ, ಅದಕ್ಕೆ ಅವಳ ಹೊಲಿಗೆ ಯಂತ್ರದ ಚರ್ಮದ ಬೆಲ್ಟು. ನೇರ ಹಾಕಿದರೆ ಜಾರುತ್ತಿತ್ತು. ಜಾರಿದರೆ ಮೀನಿನ ಬಾಲ ಸ್ಕ್ರೂ ಆಗಿ ತಿರುಚಿಕೊಳ್ಳುತ್ತದೆ. ಎಂಟರ ಅಂಕಿಯಂತೆ ಅಡ್ಡ ಹಾಕಿದೆ, ಹಿಡಿತ ಬಂತು. ಎರಡೂ ಎದುರುಬದುರು ದಿಕ್ಕಿಗೆ ಸುತ್ತತೊಡಗಿದವು, ಸುತ್ತಲಿ. ಮೀನಿಗೆ ಎಡಬಲ ಎರಡೂ ಒಂದೇ ತಾನೆ?

ಸ್ವಿಚ್ ಹಾಕಿದ ದಿನ ಅಂಗಳದಲ್ಲಿ ಅತ್ತೆಯ ಹಲಸಿನ ಹಪ್ಪಳ ಒಣಗುತ್ತಿತ್ತು. ರೂಟರ್ ಕಿರುಚಿತು, ಬೂರುಗದ ಪುಡಿ ಎದ್ದಿತು, ಗಾಳಿ ಅದನ್ನು ಸೀದಾ ಚಾಪೆಯ ಮೇಲೆ ಇಳಿಸಿತು. ಆ ವರ್ಷದ ಹಪ್ಪಳ ತಿಂದವರೆಲ್ಲ ಈ ಸಲ ಗರಿಗರಿ ಜಾಸ್ತಿ ಎಂದರು. ನಾನು ತಲೆ ತಗ್ಗಿಸಿ ತಿಂದೆ.

ಹೊರಗೆ ಬಂದ ಮೊದಲ ಮೀನಿಗೆ ಭಯಂಕರ ಬೊಜ್ಜು. ಕಾರಣ ಹುಡುಕಲು ಬಹಳ ಹೊತ್ತು ಹಿಡಿಯಿತು. ಸವರುವ ಬೆರಳು ಮತ್ತು ಕೊರೆಯುವ ಬಿಟ್ ಎರಡರ ತುದಿ ಒಂದೇ ಗಾತ್ರ, ಒಂದೇ ಆಕಾರ ಇರಬೇಕು. ಬೆರಳು ದಪ್ಪಗಿದ್ದರೆ ಅದು ಅಸಲಿನಿಂದ ದೂರ ನಿಲ್ಲುತ್ತದೆ, ಬಿಟ್ ಅಷ್ಟು ಮರ ಬಿಟ್ಟುಬಿಡುತ್ತದೆ. ನಾನು ಬೆರಳಿಗೆ ಬಳಸಿದ್ದು ಬಾಗಿಲಿನ ಅಗುಳಿ. ಹೆಂಡತಿ ಆ ಮೀನಿನ ಹೊಟ್ಟೆ ನೋಡಿದಳು, ನನ್ನ ಹೊಟ್ಟೆ ನೋಡಿದಳು, "ಅಸಲ್ ಯಾವುದ್ ಇಟ್ಟಿದ್ರಿ?" ಅಂದಳು.

ಬೆರಳು ಸರಿಯಾದ ಮೇಲೆ ಬಂದ ಮೀನಿನ ಮೂತಿ ಬಲಕ್ಕೆ ವಾಲಿತ್ತು. ಅಸಲಿನದು ಎಡಕ್ಕೆ. ನಾನು ಎರಡನ್ನೂ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳು ತರಕಾರಿ ಹೆಚ್ಚುತ್ತಲೇ, "ನೀವ್ ಎದ್ರ್‌ಬದ್ರ್ ತಿರ್ಗ್ಸಿದ್ರಿ ಅಲ್ದಾ, ಕನ್ನಡಿಯಂಗ್ ಕಂಡಾಂಗ್ ಆಯ್ತ್. ಬೆಲ್ಟ್ ವಾಪಾಸ್ ಕೊಡಿ, ರವಿಕೆ ಹೊಲೂದಿತ್" ಅಂದಳು.

ಬೆಲ್ಟ್ ಹೋಯಿತು. ಮಗನ ಹಳೇ ಸೈಕಲ್ಲಿನ ಚೈನು ಬಂತು, ಎರಡು ಕಡೆಗೂ ಒಂದೇ ಲೆಕ್ಕದ ಹಲ್ಲಿನ ಚಕ್ರ. ಮರದ ಕಡೆಗೆ ಹಾಕಿದ್ದು ಮಾತ್ರ ಫ್ರೀವೀಲ್. ಮುಂದಕ್ಕೆ ತಿರುಗಿಸಿದರೆ ಎರಡೂ ಸುತ್ತುತ್ತವೆ. ಹಿಂದಕ್ಕೆ ತಿರುಗಿಸಿದರೆ ಅಸಲು ಮಾತ್ರ ಸುತ್ತುತ್ತದೆ, ಮರ ನಿಂತಲ್ಲೇ ಟಿಕ್ ಟಿಕ್ ಎನ್ನುತ್ತದೆ. ಎರಡು ಬೆನ್ನು, ಸೊನ್ನೆ ಹೊಟ್ಟೆಯ ಒಂದು ಜೀವಿ ಹುಟ್ಟಿತು. ಫ್ರೀವೀಲಿಗೆ ವೆಲ್ಡಿಂಗ್ ಹಾಕಿಸಿಕೊಂಡು ಬಂದೆ. ವೆಲ್ಡಿಂಗಿನವನು ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಹೇಳಿದೆ. ಅವನು ದುಡ್ಡು ತೆಗೆದುಕೊಳ್ಳಲಿಲ್ಲ.

ನನ್ನ ಬೆಂಬಲಕ್ಕೆ ಇತಿಹಾಸವಿದೆ ಎಂದು ಆ ರಾತ್ರಿ ಊಟದ ಹೊತ್ತಿಗೆ ವಿವರಿಸಿದೆ. ಆವಿಯಂತ್ರದ ಜೇಮ್ಸ್ ವಾಟ್ ಇದ್ದಾನಲ್ಲ, ಅವನೂ ಮುದಿವಯಸ್ಸಿನಲ್ಲಿ ಮನೆಯ ಅಟ್ಟ ಸೇರಿ ಶಿಲ್ಪಗಳ ನಕಲು ತೆಗೆಯುವ ಯಂತ್ರ ಕಟ್ಟುತ್ತಿದ್ದ. ಆ ಅಟ್ಟದ ಸಾಮಾನೆಲ್ಲ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿದೆ. ಅವನು ತೀರಿಕೊಂಡ 1819ರಲ್ಲೇ ಅಮೆರಿಕದ ಥಾಮಸ್ ಬ್ಲಾಂಚರ್ಡ್ ಬಂದೂಕಿನ ಮರದ ಭಾಗವನ್ನು ನಕಲು ಮಾಡುವ ಲೇತಿಗೆ ಪೇಟೆಂಟ್ ಪಡೆದ.

"ವಾಟನ ಹೆಂಡ್ತಿ ಎಂತ ಹೇಳ್ತಿದ್ಲ್?"

ಅವನ ಕೊಳಕು ಕೈ, ಚರ್ಮದ ಏಪ್ರನ್ ಕಂಡರೆ ಆಕೆಗೆ ಆಗುತ್ತಿರಲಿಲ್ಲವಂತೆ. ಇದನ್ನು ನಾನು ಹೇಳಲಿಲ್ಲ. ಸಾರು ಬಡಿಸಿಕೊಂಡೆ.

ಕೊನೆಗೂ ತದ್ರೂಪ ನಕಲು ಬಂತು. ಎಡಕ್ಕೆ ವಾಲಿದ ಮೂತಿ, ಬೆನ್ನಿನ ಮೇಲೆ ಕೆಂಬೇರಿಯ ಹಲ್ಲಿನ ಗುರುತು ಸಮೇತ. ಹಲ್ಲಿನ ಗುರುತನ್ನು ಮುಟ್ಟಿ ನೋಡಿ ನನಗೆ ರೋಮಾಂಚನವಾಯಿತು. ಮನೆಯವರನ್ನೆಲ್ಲ ಬಚ್ಚಲಿನ ತೊಟ್ಟಿಯ ಸುತ್ತ ನಿಲ್ಲಿಸಿ ಮೀನನ್ನು ನೀರಿಗೆ ಬಿಟ್ಟೆ. ಅದು ಮೆಲ್ಲಗೆ ಮಗ್ಗುಲಾಗಿ, ಹೊಟ್ಟೆ ಮೇಲೆ ಮಾಡಿ ತೇಲಿತು. ಅಸಲಿನ ಹೊಟ್ಟೆಯೊಳಗೆ ಸೀಸದ ಗುಂಡು ತುಂಬಿದ್ದೆ. ಯಂತ್ರ ಸವರುವುದು ಮೈಯನ್ನು, ಹೊಟ್ಟೆಯೊಳಗಿನದು ಅದಕ್ಕೆ ಹೇಗೆ ಗೊತ್ತಾಗಬೇಕು? "ಸತ್ತ್ ಹೋಯ್ತ್" ಎಂದು ಅತ್ತೆ ಒಳಗೆ ಹೋದರು.

ಸೀಸ ಎಲ್ಲಿತ್ತು, ಎಷ್ಟಿತ್ತು ಎಂದು ನೋಡಲು ಅಸಲನ್ನು ಸೀಳುವುದಕ್ಕೆ ಮನಸ್ಸು ಬರಲಿಲ್ಲ. ಹೊಳೆಯಲ್ಲಿ ಅದರ ನಡಿಗೆ ನೋಡಿ ಅಂದಾಜು ಮಾಡೋಣವೆಂದು ಎಸೆದೆ. ಮೊದಲ ಎಸೆತಕ್ಕೇ ಕಾಂಡ್ಲಾ ಬೇರು ಅದನ್ನು ಹಿಡಿಯಿತು. ಎಳೆದೆ, ದಾರ ಸಡಿಲಾಗಿ ಬಂತು. ಆ ಬೇರಿನಿಂದ ಮಾರು ದೂರದಲ್ಲಿ ದೋಣಿಯ ಮೇಲೆ ಕೂತಿದ್ದ ಹುಡುಗನೊಬ್ಬ ಸಿಗಡಿ ಚುಚ್ಚಿ ಕೆಂಬೇರಿ ಎತ್ತಿದ. ನನ್ನ ಕಡೆ ನೋಡಿ ಸಂತೋಷದಿಂದ ಕೈಬೀಸಿದ. ನಾನೂ ಬೀಸಿದೆ.

ಯಂತ್ರವಿತ್ತು, ಅಸಲಿರಲಿಲ್ಲ. ಗುಜರಿಗೆ ಹಾಕುವ ಮಾತು ಎದ್ದಾಗ ಹೆಂಡತಿ ಹಲಸಿನಕಾಯಿ ಕೊಯ್ಯುವ ಕತ್ತಿಯ ಒಡೆದ ಹಿಡಿ ತಂದು ಮುಂದಿಟ್ಟಳು. "ಇದ್ ಆತ್ತಾ ಕಾಣಿ." ಬಂದೂಕಿನ ನಂತರ ಬ್ಲಾಂಚರ್ಡನ ಲೇತು ಕೊಡಲಿ ಕಾವು, ಬೂಟಿನ ಅಚ್ಚು ಮಾಡುವ ಕೆಲಸಕ್ಕೆ ಇಳಿದದ್ದು ನೆನಪಾಗಿ ಸಮಾಧಾನ ಮಾಡಿಕೊಂಡೆ. ಒಡಕಿಗೆ ಅಂಟು ಹಾಕಿ, ಹಲಸಿನ ಮರದ ತುಂಡು ಪಕ್ಕದಲ್ಲಿ ಬಿಗಿದು ತಿರುಗಿಸಿದೆ. ಒಂದೇ ಸಲಕ್ಕೆ ಸರಿಯಾಗಿ ಬಂತು. ವರ್ಷಗಟ್ಟಲೆ ಅತ್ತೆಯ ಹೆಬ್ಬೆರಳು ಒತ್ತಿ ಬಿದ್ದಿದ್ದ ತಗ್ಗೂ ಬಂತು. ಅತ್ತೆ ಹಿಡಿದು ನೋಡಿ, ಬೆರಳನ್ನು ತಗ್ಗಿನಲ್ಲಿಟ್ಟು, ನನ್ನನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡಿದರು.

ಈಗ ಮುಂಬಯಿಯ ನಾದಿನಿಯವರೆಗೆ ಎಲ್ಲರ ಮನೆಯಲ್ಲೂ ಅತ್ತೆಯ ಹೆಬ್ಬೆರಳಿನ ತಗ್ಗಿರುವ ಕತ್ತಿಗಳೇ. ಭಾನುವಾರ ನಾನು ಹೊಳೆಗೆ ಹೋಗುವಂತಿಲ್ಲ, ಆರ್ಡರ್ ಇರುತ್ತದೆ. ದರ ನಿಗದಿ ಮಾಡುವವಳು ಹೆಂಡತಿ, ದುಡ್ಡು ಇಡುವ ಜಾಗ ಆ ಚಮಚದ ಖಾನೆ.

ಮೊನ್ನೆ ಹೆಬ್ರಿಯ ಚಿಕ್ಕಮ್ಮ ಹಿಡಿ ವಾಪಸು ಕಳಿಸಿದರು. ಅವರು ಎಡಗೈಯವರು, ತಗ್ಗು ತಪ್ಪು ಬದಿಗೆ ಬರುತ್ತದಂತೆ. ಇದು ಯಂತ್ರದ ಮಿತಿ, ಅಸಲು ಹೇಗಿದೆಯೋ ನಕಲೂ ಹಾಗೇ ಎಂದು ನಾನು ಗಂಭೀರವಾಗಿ ವಿವರಿಸತೊಡಗಿದೆ. ಹೆಂಡತಿ ಒಳಗೆ ಹೋಗಿ ಹೊಲಿಗೆ ಯಂತ್ರದ ಬೆಲ್ಟು ಬಿಚ್ಚಿ ತಂದಳು.

"ಚೈನ್ ತೆಗೀನಿ. ಇದನ್ ಅಡ್ಡ ಹಾಕಿ ತಿರ್ಗ್ಸಿ."