ಹಿಮಮೀಮಾಂಸೆ: ಮಿನಿಯಾಪೊಲಿಸ್ಸಿನ ಒಂದು ಕನ್ನಡ ಮನೆಯನ್ನು ಆಧರಿಸಿದ ಶಾಸ್ತ್ರಗ್ರಂಥ

ಪ್ರತಿಜ್ಞೆ

ಈ ಗ್ರಂಥದ ಪ್ರಮೇಯ ಒಂದೇ: ಚಳಿಯನ್ನು ಗ್ರಹಿಸುವ ಇಂದ್ರಿಯ ಚರ್ಮವಲ್ಲ, ಕ್ಯಾಲೆಂಡರು. ಮಾರ್ಚ್ ಎಂಬುದೊಂದಿದೆ ಎಂಬ ಅರಿವು ಯಾರಿಗುಂಟೋ ಅವರು ಜನವರಿಯಲ್ಲಿ ನಡುಗುತ್ತಾರೆ. ಆ ಅರಿವಿಲ್ಲದ ಎಳೆಯ ಪ್ರಾಣಿಗಳಿಗೆ ಮೂಗು ಸೋರುತ್ತದೆ, ಅಷ್ಟೆ. ಇದನ್ನು ಒಪ್ಪದವರು ಮುಂದೆ ಓದಿ ಖಂಡಿಸಬಹುದು. ಒಪ್ಪುವವರೂ ಓದಲೇಬೇಕು, ಕಷ್ಟಪಟ್ಟು ಬರೆದಿದ್ದೇನೆ.

ದೇಶ, ಕಾಲ, ಪಾತ್ರ

ದೇಶ ಅಮೆರಿಕದ ಮಿನ್ನೆಸೋಟ. ಹತ್ತು ಎಕರೆಗೆ ಮೇಲ್ಪಟ್ಟ ಕೆರೆಗಳೇ 11,842 ಇರುವ ಈ ರಾಜ್ಯದಲ್ಲಿ ಚಳಿಗಾಲ ಬಂದರೆ ಕೆರೆಗೂ ಬಯಲಿಗೂ ಭೇದವಿಲ್ಲ. ಮಂಜುಗಡ್ಡೆ ನಾಲ್ಕು ಇಂಚು ದಪ್ಪವಾಯಿತೆಂದರೆ ಮನುಷ್ಯರು ಕೆರೆಯ ಮೇಲೆ ನಡೆಯುತ್ತಾರೆ, ಇನ್ನಷ್ಟು ದಪ್ಪವಾದರೆ ಗುಡಿಸಲು ಎಳೆದೊಯ್ದು ತೂತು ಕೊರೆದು ಮೀನಿಗೆ ಗಾಳ ಹಾಕುತ್ತಾರೆ. ನೀರಿನ ಮೇಲೆ ನಡೆದವರ ಕಥೆಗಳನ್ನು ಪವಾಡವೆಂದು ನಂಬಿ ಬೆಳೆದ ನಮ್ಮಂಥವರಿಗೆ ಇದನ್ನು ಕಂಡು ಸ್ವಲ್ಪ ಬೇಸರವೇ ಆಗುತ್ತದೆ.

ಕಾಲ ನವೆಂಬರಿನಿಂದ ಏಪ್ರಿಲ್. ಅಕ್ಟೋಬರನ್ನೂ ಸೇರಿಸಬೇಕೆನ್ನುವ ಪಕ್ಷವೊಂದಿದೆ, ಅದಕ್ಕೆ 1991ರ ಆಧಾರವೂ ಇದೆ. ಆ ವರ್ಷ ಅಕ್ಟೋಬರ್ 31ರ ಹ್ಯಾಲೊವೀನ್ ದಿನ ಶುರುವಾದ ಹಿಮ ನಿಲ್ಲುವ ಹೊತ್ತಿಗೆ ರಾಜ್ಯದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳ ಮೇಲೆ 28 ಇಂಚು ಸುರಿದಿತ್ತು. ದೆವ್ವದ ವೇಷ ಹಾಕಿ ಮಿಠಾಯಿಗೆ ಹೊರಟ ಮಕ್ಕಳೆಲ್ಲ ವೇಷದ ಮೇಲೆ ದಪ್ಪ ಕೋಟು ತೊಟ್ಟು ಒಂದೇ ಜಾತಿಯ ದೆವ್ವಗಳಾದರು. ಆ ಮಕ್ಕಳು ಈಗ ನಡುವಯಸ್ಸಿನವರು. ಕಚೇರಿಗಳಲ್ಲಿ ಆ ರಾತ್ರಿಯ ಮಾತೆತ್ತಿದರೆ ಇಂದಿಗೂ ಅವರ ಮುಖ ಅರಳುತ್ತದೆ. ಅವರ ಅಪ್ಪ ಅಮ್ಮಂದಿರ ಮುಖ ಅರಳುವುದಿಲ್ಲ. ಪ್ರಮೇಯಕ್ಕೆ ಇದು ಮೊದಲ ಸಾಕ್ಷಿ.

ಪಾತ್ರಗಳು: ಗಂಡ, ಹೆಂಡತಿ, ಐದು ವರ್ಷದ ಮಗಳು, ಎರಡೂವರೆ ವರ್ಷದ ಮಗ, ಸಾಗರದಿಂದ ಆರು ತಿಂಗಳ ಮಟ್ಟಿಗೆ ಬಂದ ಅಜ್ಜಿ, ಮತ್ತು ಅಜ್ಜಿಯ ಸಾಮಾನಿನ ಜೊತೆ ಬಂದ ಗ್ರಂಥಕರ್ತ.

ತಾಪಮಾನದ ಬಗ್ಗೆ ಮನೆಯಲ್ಲಿ ಎರಡು ಮತಗಳಿವೆ. ಅಜ್ಜಿ ಸೆಲ್ಸಿಯಸ್ ಮತಸ್ಥರು, ಮೊಮ್ಮಗಳು ಫ್ಯಾರನ್‌ಹೀಟ್ ಸಂಪ್ರದಾಯದವಳು. ಒಬ್ಬರ ಸೊನ್ನೆಯನ್ನು ಇನ್ನೊಬ್ಬರು ಒಪ್ಪುವುದಿಲ್ಲ. −40ಕ್ಕೆ ಇಳಿದಾಗ ಮಾತ್ರ ಎರಡೂ ಒಂದೇ ಅಂಕಿಯನ್ನು ಹೇಳುತ್ತವೆ. ಅದ್ವೈತಸಿದ್ಧಿಗೆ ಇಷ್ಟೊಂದು ಚಳಿ ಬೇಕೆಂದು ಪೂರ್ವಾಚಾರ್ಯರು ಯಾರೂ ಸೂಚಿಸಿರಲಿಲ್ಲ. ರಾಜ್ಯದ ದಾಖಲೆ ಇನ್ನೂ ಕೆಳಗಿದೆ: 1996ರ ಫೆಬ್ರವರಿ 2ರಂದು ಟವರ್ ಎಂಬ ಊರಿನ ಬಳಿ −51 ಡಿಗ್ರಿ ಸೆಲ್ಸಿಯಸ್. ಇದಕ್ಕೆದುರಾಗಿ ಅಜ್ಜಿ ಮುಂದಿಡುವುದು ಬೆಂಗಳೂರಿನ ದಾಖಲೆಯನ್ನು: 1884ರ ಜನವರಿ 13, 7.8 ಡಿಗ್ರಿ. ಈ 7.8 ಡಿಗ್ರಿ ಮಾರ್ಚಿನಲ್ಲಿ ಮಿನಿಯಾಪೊಲಿಸ್ಸಿಗೆ ಬಂದರೆ ಜನ ಚಡ್ಡಿ ತೊಟ್ಟು ಕೆರೆ ಸುತ್ತ ಓಡುತ್ತಾರೆ ಎಂದು ಅಳಿಯ ಹೇಳಿದ. ಅಜ್ಜಿ ನಂಬಲಿಲ್ಲ. ಅಂಥವರಿಗೆ ಹೆಣ್ಣು ಕೊಟ್ಟವರು ಯಾರು ಎಂದಷ್ಟೇ ಕೇಳಿದರು.

ವಸ್ತ್ರಧಾರಣ ಪ್ರಕರಣ

ಸೂತ್ರ: ಮೊದಲು ಹಿಮಚಲ್ಲಣ, ಆಮೇಲೆ ಬೂಟು, ಅನಂತರ ಕೋಟು, ಟೊಪ್ಪಿ; ಕೈಗವಸು ಕಟ್ಟಕಡೆ.

ಭಾಷ್ಯ: ಚಲ್ಲಣದ ಕಾಲಿನೊಳಗೆ ಇನ್ನೊಂದು ಗುಪ್ತ ಕಾಲಿದೆ. ಅದು ಬೂಟಿನ ಮೇಲೆ ಬಿಗಿಯಾಗಿ ಕೂರಬೇಕು, ಇಲ್ಲವಾದರೆ ಹಿಮ ಒಳಹೊಕ್ಕು ಕಾಲುಚೀಲವನ್ನು ಸೇರುತ್ತದೆ. ಬೂಟನ್ನು ಮೊದಲು ಹಾಕಿದರೆ ಚಲ್ಲಣ ಏರದು. ಕೈಗವಸನ್ನು ಮೊದಲು ಹಾಕಿದರೆ ಜಿಪ್ಪು ಸಿಗದು. ಎರಡೂವರೆ ವರ್ಷದವನು ಟೊಪ್ಪಿಯಿಂದ ಆರಂಭಿಸುತ್ತಾನೆ, ಟೊಪ್ಪಿಯಲ್ಲೇ ಮುಗಿಸುತ್ತಾನೆ. ಮಿಕ್ಕ ಮೈ ಅವನ ದರ್ಶನದಲ್ಲಿ ಮಿಥ್ಯೆ.

ಕೈಗವಸಿನ ಬುಡ ಕೋಟಿನ ತೋಳಿನ ಒಳಗಿರಬೇಕೋ ಹೊರಗಿರಬೇಕೋ ಎಂಬಲ್ಲಿ ಮತಭೇದವಿದೆ. ತಾಯಿ ಒಳತೋಳಿನ ಪಂಥ, ತಂದೆ ಹೊರತೋಳಿನ ಪಂಥ. ವಡಗಲೆ ತೆಂಗಲೆಯವರು ದೇವಸ್ಥಾನದ ಆನೆಗೆ ಯಾವ ನಾಮ ಇಡಬೇಕೆಂದು ಜಗಳವಾಡುವಾಗ ಯಾರೂ ಆನೆಯ ಅಭಿಪ್ರಾಯ ಕೇಳಲಿಲ್ಲವಷ್ಟೆ. ಇಲ್ಲಿಯೂ ಮಗುವನ್ನು ಯಾರೂ ಕೇಳುವುದಿಲ್ಲ. ಮಗು ಎರಡನ್ನೂ ಕಿತ್ತೆಸೆದು ಬರಿಗೈಯಲ್ಲಿ ಹಿಮ ಹಿಡಿಯುತ್ತದೆ. ಅಜ್ಜಿಯದು ಕುಲಾವಿ ಪಂಥ: ಕಿವಿ ಮುಚ್ಚಿದರೆ ಆಯಿತು, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ.

ಇನ್ನು ಪ್ರಧಾನ ವಿಚಾರ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬ ತಾರ್ಕಿಕರ ವ್ಯಾಪ್ತಿಗೆ ಅಡುಗೆಮನೆ ದೃಷ್ಟಾಂತ. ಎಲ್ಲೆಲ್ಲಿ ಜಿಪ್ಪು ಗಲ್ಲದವರೆಗೆ ಏರಿದೆಯೋ ಅಲ್ಲಲ್ಲಿ ಲಘುಶಂಕೆ ಎಂಬ ನಮ್ಮ ವ್ಯಾಪ್ತಿಗೆ ಬಾಗಿಲ ಬಳಿಯ ಚಾಪೆ ದೃಷ್ಟಾಂತ. 'ಹಾಗಾದರೆ ಮೊದಲೇ ಬಚ್ಚಲಿಗೆ ಕಳಿಸಬಾರದೇ?' ಎಂದರೆ, ಕೂಡದು. ಮೊದಲು ಅದು ಇರುವುದೇ ಇಲ್ಲ. ಮಗುವನ್ನು ಮೂರು ಸಲ ಕೇಳಿ ಮೂರು ಸಲವೂ ಇಲ್ಲವೆಂದೇ ಉತ್ತರ ಪಡೆದದ್ದುಂಟು. ಕಾರಣವಿಲ್ಲದೆ ಕಾರ್ಯವಿಲ್ಲ, ಮತ್ತು ಇಲ್ಲಿ ಜಿಪ್ಪೇ ಕಾರಣ. 'ಜಿಪ್ಪು ಏರಿದ ಮೇಲೂ ಒಮ್ಮೊಮ್ಮೆ ಶಂಕೆ ಬರುವುದಿಲ್ಲವಲ್ಲ?' ಎಂದರೆ, ಆ ಸಂದರ್ಭಗಳಲ್ಲಿ ಅದು ಆಗಲೇ ಬಂದುಹೋಗಿರುತ್ತದೆ.

ಹೀಗೆ ಸಿದ್ಧವಾದ ಮಗುವನ್ನು ಕಾರಿನಲ್ಲಿ ಕೂರಿಸಬೇಕಾದರೆ ಕೋಟು ಬಿಚ್ಚಬೇಕು. ಇದು ಅಣಕವಲ್ಲ. ಉಬ್ಬಿದ ಕೋಟಿನ ಮೇಲೆ ಕಾರ್‌ಸೀಟಿನ ಪಟ್ಟಿ ಬಿಗಿಯಬೇಡಿರೆಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ: ಅಪಘಾತವಾದರೆ ಕೋಟು ಕುಗ್ಗಿ, ಪಟ್ಟಿ ಸಡಿಲಾಗಿ, ಮಗು ಜಾರಬಹುದು. ಆದ್ದರಿಂದ ತೊಡಿಸು, ಬಿಚ್ಚು, ಪಟ್ಟಿ ಬಿಗಿ, ಕೋಟನ್ನು ಮೇಲೆ ಹೊದಿಸು. ಇಳಿದ ಮೇಲೆ ಪುನಃ ತೊಡಿಸು. ದೊಡ್ಡವರು ಇದನ್ನು ನಷ್ಟದ ಖಾತೆಗೆ ಬರೆಯುತ್ತಾರೆ: ತೊಡಲು ಅರ್ಧ ಗಂಟೆ, ಹೊರಗಿದ್ದದ್ದು ಹತ್ತು ನಿಮಿಷ. ಮಕ್ಕಳ ಬಳಿ ಖಾತೆಪುಸ್ತಕವಿಲ್ಲ. ಅವರಿಗೆ ಒಂದು ತೋಳಿನಲ್ಲಿ ಕೈ ತೂರಿಸಿಕೊಂಡು ಚಾಪೆಯ ಮೇಲೆ ಉರುಳಾಡುವುದೂ ಚಳಿಗಾಲವೇ.

ಹಿಮಲಕ್ಷಣ ಪ್ರಕರಣ

ಹಿಮದ ಹರಳಿಗೆ ಆರೇ ಮೂಲೆ ಏಕೆಂದು ಕೆಪ್ಲರ್ 1611ರಲ್ಲಿ ಪುಟ್ಟ ಹೊತ್ತಗೆ ಬರೆದು ತನ್ನ ಪೋಷಕನಿಗೆ ಹೊಸ ವರ್ಷದ ಉಡುಗೊರೆಯಾಗಿ ಕೊಟ್ಟ. ವರ್ಮಾಂಟ್ ರಾಜ್ಯದ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಒಂಟಿ ಹರಳಿನ ಫೋಟೊ ತೆಗೆದು, ಮುಂದೆ ಬದುಕಿಡೀ ಅದನ್ನೇ ಮಾಡುತ್ತ ಐದು ಸಾವಿರಕ್ಕೂ ಹೆಚ್ಚು ಹರಳುಗಳನ್ನು ಸೆರೆಹಿಡಿದ. ಗಣಿತ ಒಂದು ಮಾರ್ಗ, ಕ್ಯಾಮೆರಾ ಇನ್ನೊಂದು ಮಾರ್ಗ. ನಮ್ಮ ಮನೆಯ ಎರಡೂವರೆ ವರ್ಷದವನು ಮೂರನೆಯ ಮಾರ್ಗದವನು. ಅವನ ಸಾಧನ ನಾಲಿಗೆ.

ಇಲ್ಲೊಂದು ಪೂರ್ವಪಕ್ಷ ಅಜ್ಜಿಯದು: ಚಳಿ ಹೆಚ್ಚಿದಷ್ಟೂ ಹಿಮದ ಗೊಂಬೆ ಗಟ್ಟಿಯಾಗಬೇಕು. ನೋಡಿದರೆ −20ರಲ್ಲಿ ಹಿಮ ಒಣರವೆ, ಮುಷ್ಟಿಯಲ್ಲಿ ಹಿಡಿದರೂ ಉದುರುತ್ತದೆ. ಹರಳುಗಳ ಮೈಮೇಲೆ ನೀರಿನ ತೆಳು ಪದರ ಮೂಡಿದಾಗಷ್ಟೇ ಅವು ಒಂದಕ್ಕೊಂದು ಅಂಟುತ್ತವೆ. ಅದಕ್ಕೆ ಸೊನ್ನೆಯ ಆಸುಪಾಸಿನ ಹವೆ ಬೇಕು. ಮಿನಿಯಾಪೊಲಿಸ್ಸಿನ ಜನವರಿಯ ಸರಾಸರಿ −9. ಎಂದರೆ ಚಳಿಗಾಲದ ನಟ್ಟನಡುವೆ, ಹಿಮ ಮೊಣಕಾಲುದ್ದ ಬಿದ್ದಿರುವಾಗಲೂ, ಗೊಂಬೆ ಮಾಡುವ ದಿನಗಳು ಅಪರೂಪ. ಮೊಮ್ಮಗಳಿಗೆ ಇದೆಲ್ಲ ಕಿವಿಯಿಂದಲೇ ಗೊತ್ತು. ಸುಮಾರು −10ಕ್ಕಿಂತ ಕೆಳಗೆ ಹಿಮದ ಮೇಲೆ ಕಾಲಿಟ್ಟರೆ ಹರಳು ಮುರಿದು ಕಿರ್‌ ಎನ್ನುತ್ತದೆ, ಹವೆ ಸಡಿಲಿದರೆ ಸದ್ದಡಗುತ್ತದೆ. ಅವಳು ಮೆಟ್ಟಿಲಿಳಿದು ಎರಡು ಹೆಜ್ಜೆ ಹಾಕಿ 'ಇವತ್ತು ಗೊಂಬೆ ಇಲ್ಲ, ಜಾರುಬಂಡಿ' ಎಂದು ಫಲ ಹೇಳುತ್ತಾಳೆ. ಒಂಟಿಕೊಪ್ಪಲ್ ಪಂಚಾಂಗ ಓದಿ ಬೆಳೆದ ನನಗೂ ಇಷ್ಟು ಖಚಿತವಾದ ಫಲಜ್ಯೋತಿಷ ದಕ್ಕಿಲ್ಲ.

ಜಾರುಬಂಡಿಯ ಬಗ್ಗೆ ವಿವರ ಬೇಡ. ಗ್ರಂಥಕರ್ತ ಕ್ಷೇತ್ರಕಾರ್ಯದ ನಿಮಿತ್ತ, ಕೇವಲ ಶಾಸ್ತ್ರಕ್ಕಾಗಿ, ಪಾರ್ಕಿನ ದಿಬ್ಬದಿಂದ ಹಲವು ಬಾರಿ ಜಾರಿದ್ದಾನೆ. 'ಸಾಕು, ಮನೆಗೆ ಹೋಗೋಣ' ಎಂದು ಕರೆದವರು ಮಕ್ಕಳು.

ಯಂತ್ರದೇವತಾ ಪ್ರಕರಣ

ಈ ಋತುವಿನ ಅಧಿದೇವತೆ ಹಿಮ ಗುಡಿಸುವ ಕಿತ್ತಳೆ ಬಣ್ಣದ ಲಾರಿ. ರಾಜ್ಯದ ಸಾರಿಗೆ ಇಲಾಖೆ 2020–21ರ ಚಳಿಗಾಲದಲ್ಲಿ ತನ್ನ ಲಾರಿಗಳಿಗೆ ಹೆಸರು ಸೂಚಿಸಿರೆಂದು ಜನರನ್ನೇ ಕೇಳಿತು. ಪ್ಲೋವಿ ಮೆಕ್‌ಪ್ಲೋಫೇಸ್, ಪ್ಲೋ ಬನ್ಯನ್, ಡಾರ್ತ್ ಬ್ಲೇಡರ್ ಮೊದಲಾದವು ಆರಿಸಿ ಬಂದವು. ಸೇಂಟ್ ಪಾಲ್‌ನಲ್ಲಿ ಹುಟ್ಟಿದ ಕಾದಂಬರಿಕಾರ ಸ್ಕಾಟ್ ಫಿಟ್ಜ್‌ಜೆರಾಲ್ಡ್‌ನ ಹೆಸರಿನಲ್ಲಿ ಒಂದು ಲಾರಿ ಸಾಲ್ಟ್ ಫಿಟ್ಜ್‌ಜೆರಾಲ್ಡ್ ಆಯಿತು, ರಸ್ತೆಗೆ ಉಪ್ಪು ಎರಚುವ ಕೆಲಸವಾದ್ದರಿಂದ. ನಮ್ಮಲ್ಲಿ ಸಾಹಿತಿಗಳ ಹೆಸರನ್ನು ರಸ್ತೆಗಿಟ್ಟು ಗುಂಡಿ ಬೀಳಲು ಬಿಡುತ್ತೇವೆ. ಅಲ್ಲಿ ರಸ್ತೆ ಗುಡಿಸುವುದಕ್ಕೆ ಇಟ್ಟುಕೊಂಡಿದ್ದಾರೆ. ಯಾವುದು ಹೆಚ್ಚಿನ ಗೌರವವೆಂದು ಬೇರೆ ವಿದ್ವಾಂಸರು ನಿರ್ಣಯಿಸಲಿ.

ಭಾರಿ ಹಿಮ ಬಿದ್ದಾಗ ನಗರಪಾಲಿಕೆ ಹಿಮತುರ್ತು ಸಾರುತ್ತದೆ. ಮೊದಲ ದಿನ ಮುಖ್ಯ ಮಾರ್ಗಗಳಲ್ಲಿ ಕಾರು ನಿಲ್ಲಿಸುವಂತಿಲ್ಲ, ಎರಡನೆಯ ದಿನ ಒಳರಸ್ತೆಗಳ ಸಮಸಂಖ್ಯೆಯ ಮನೆಗಳ ಬದಿಯಲ್ಲಿ, ಮೂರನೆಯ ದಿನ ಬೆಸಸಂಖ್ಯೆಯ ಬದಿಯಲ್ಲಿ. ಏಕಾದಶಿ ಯಾವತ್ತೆಂದು ಗೊತ್ತಿರದ ಅಳಿಯನಿಗೆ ಈ ತಿಥಿಗಳು ಬಾಯಿಪಾಠ. ತಪ್ಪಿದರೆ ಕಾರನ್ನು ಎಳೆದುಕೊಂಡು ಹೋಗುತ್ತಾರೆ, ಪ್ರಾಯಶ್ಚಿತ್ತಕ್ಕೆ ದಕ್ಷಿಣೆ ಬಹಳ. ಮಕ್ಕಳಿಗೆ ಮಾತ್ರ ಲಾರಿ ಬರುವುದಷ್ಟೇ ಮುಖ್ಯ. ಬಂದಾಗ ಕಿಟಕಿಯಲ್ಲಿ ನಿಂತು ಕೈಬೀಸುತ್ತಾರೆ, ಚಾಲಕನೂ ಬೀಸುತ್ತಾನೆ. ರಥೋತ್ಸವಕ್ಕೆ ಇನ್ನೇನು ಬೇಕು?

ಸ್ಕೈವೇ ಪ್ರಕರಣ

ಪೇಟೆಯ ಕಟ್ಟಡಗಳನ್ನು ಎರಡನೆಯ ಅಂತಸ್ತಿನಲ್ಲಿ ಜೋಡಿಸುವ, 1962ರಿಂದ ಕಟ್ಟುತ್ತ ಬಂದ ಬೆಚ್ಚನೆಯ ಗಾಜಿನ ಸೇತುವೆಗಳು ಮಿನಿಯಾಪೊಲಿಸ್ಸಿನ ಹೆಮ್ಮೆ. ಅವುಗಳಲ್ಲಿ ಹಿಮವಿಲ್ಲ. ಪ್ರಕರಣ ಸಮಾಪ್ತ.

ಗೃಹ ಪ್ರಕರಣ

ಬಚ್ಚಲೊಲೆಯ ಮುಂದೆ ಕೂತು ಮಾಗಿ ಕಳೆದ ಅಜ್ಜಿಗೆ ಬೆಂಕಿ ಕಾಣದ ಮನೆ ಬೆಚ್ಚಗಿರುವುದು ಅನುಮಾನಾಸ್ಪದ. ನೆಲದ ಜಾಲರಿಯಿಂದ ಬಿಸಿಗಾಳಿ ಬರುತ್ತದೆ. ಕೊರೆಯುವ ಹವೆಯಲ್ಲಿ ನೀರಿನಂಶ ತೀರ ಕಡಿಮೆ, ಅದನ್ನೇ ಒಳಗೆಳೆದು ಕಾಯಿಸಿದರೆ ಇನ್ನಷ್ಟು ಒಣಗುತ್ತದೆ. ತುಟಿ ಬಿರಿಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ ಎಂದು ಮಕ್ಕಳ ತಾಯಿ ಗೊಣಗುತ್ತಿದ್ದಳು. ಅಜ್ಜಿ ಜಾಲರಿಯ ಮುಂದೆ ಪ್ಲಾಸ್ಟಿಕ್ ಹಾಳೆ ಹಾಸಿ ಅರಳು ಸಂಡಿಗೆ ಇಟ್ಟರು. ಹೊರಗೆ ಹಿಮ ಬೀಳುತ್ತಿರುವಾಗ ಒಳಗೆ ಸಂಡಿಗೆ ಒಣಗಿತು. ಕಾಗೆ ಕಾಯುವ ಕೆಲಸವೂ ಇಲ್ಲ. ಕಾಗೆಯ ಪಾಲನ್ನು ಎರಡೂವರೆ ವರ್ಷದವನು ವಹಿಸಿಕೊಂಡ. ದೋಸೆ ಹಿಟ್ಟು ಮಾತ್ರ ಈ ಯಾವ ತರ್ಕಕ್ಕೂ ಬಗ್ಗದೆ ಹುಳಿಯೇರಲು ನಿರಾಕರಿಸುತ್ತದೆ. ಅದನ್ನು ಓವನ್ನಿನೊಳಗಿಟ್ಟು, ಓವನ್ ಹಚ್ಚದೆ, ಒಳಗಿನ ದೀಪವನ್ನಷ್ಟೇ ಉರಿಸಿಟ್ಟು ಮಲಗುವುದು ವಲಸೆ ಹೋದ ಕನ್ನಡಿಗರ ನಂದಾದೀಪ ಸೇವೆ.

ಒಣಹವೆಯ ಇನ್ನೊಂದು ಫಲ ಸ್ಥಿರವಿದ್ಯುತ್ತು. ಉಣ್ಣೆಯ ಕಾಲುಚೀಲದಲ್ಲಿ ಜಮಖಾನದ ಮೇಲೆ ಸರಸರ ನಡೆದು ಬಂದು ನಿದ್ದೆ ಹೋದ ವಿದ್ವಾಂಸನ ಕಿವಿ ಮುಟ್ಟಿದರೆ ಚಿಟ್ ಎಂದು ಕಿಡಿ ಹಾರುತ್ತದೆ. ಈ ಪ್ರಯೋಗವನ್ನು ಮಕ್ಕಳು ಪುನಃಪುನಃ ನಡೆಸಿ ಪ್ರತಿಸಲವೂ ಒಂದೇ ಫಲಿತಾಂಶ ಪಡೆದಿದ್ದಾರೆ.

ಸಂಕ್ರಾಂತಿ ಮಾತ್ರ ಶಾಸ್ತ್ರಕ್ಕೆ ಕಗ್ಗಂಟು. ಹಗಲು ಡಿಸೆಂಬರ್ 21ರಿಂದಲೇ ಬೆಳೆಯಲು ತೊಡಗಿದರೂ ನೆಲ ಪಡೆಯುವುದಕ್ಕಿಂತ ಕಳೆದುಕೊಳ್ಳುವ ಶಾಖ ಇನ್ನೂ ಕೆಲವು ವಾರ ಹೆಚ್ಚೇ ಇರುವುದರಿಂದ, ಅಲ್ಲಿನ ಅತಿ ಚಳಿಯ ದಿನಗಳು ಬರುವುದು ಜನವರಿ ನಡುವಿನಲ್ಲಿ. ಎಳ್ಳು ಬೀರುವ ಸಂಜೆಯೇ ವರ್ಷದ ಕಡುಚಳಿ. ಮೊಮ್ಮಗಳು ಹಿಮಚಲ್ಲಣದ ಮೇಲೆ ರೇಷ್ಮೆ ಲಂಗ, ಅದರ ಮೇಲೆ ಕೋಟು, ತಲೆಗೆ ಟೊಪ್ಪಿ, ಟೊಪ್ಪಿಯ ಮೇಲೆ ಮಲ್ಲಿಗೆ (ಪ್ಲಾಸ್ಟಿಕ್ಕಿನದು) ಧರಿಸಿ ನಾಲ್ಕು ಕನ್ನಡ ಮನೆಗಳಿಗೆ ಹೋಗಿ ಬಂದಳು. ಸಕ್ಕರೆ ಅಚ್ಚು ಗಡ್ಡೆ ಕಟ್ಟಿ ಹಲ್ಲಿಗೆ ಸವಾಲಾಗಿತ್ತು. ಒಳ್ಳೆಯ ಮಾತಾಡಲು ಯಾರಿಗೂ ಬಾಯಿ ಬರಲಿಲ್ಲ.

ಕಾಲಾಂತ ಪ್ರಕರಣ

ಚಳಿಗಾಲ ಎಂದು ಮುಗಿಯುತ್ತದೆ? ಮಾರ್ಚಿನಲ್ಲಿ ಎನ್ನುವುದು ತಾಯಿಯ ಪಕ್ಷ, ಮತ್ತು ಮನೆಯಲ್ಲಿ ಅತಿ ಹೆಚ್ಚು ನಡುಗುವವಳು ಅವಳೇ ಎಂಬುದನ್ನು ಗಮನಿಸಬೇಕು. 2018ರ ಏಪ್ರಿಲ್ ನಡುವಿನಲ್ಲಿ ಅವಳಿ ನಗರಗಳ ಮೇಲೆ ಒಂದಡಿಗೂ ಮಿಕ್ಕಿ ಹಿಮ ಬಿದ್ದುದನ್ನು ಅಳಿಯ ಉದಾಹರಿಸಿ ರಾತ್ರಿಯೂಟ ಕೆಡಿಸಿದ. ವಿವಾದ ಬಗೆಹರಿಯದ್ದರಿಂದ ಮೊಮ್ಮಗಳನ್ನೇ ಪ್ರಮಾಣವಾಗಿ ಕೇಳಿದೆ. ಅವಳು ಬೂಟಿನೊಳಗೆ ಕಾಲು ತುರುಕುತ್ತ, 'ಯಾಕಜ್ಜ, ಎಲ್ಲಿಗೆ ಹೋಗ್ಬೇಕಿತ್ತು?' ಎಂದಳು.

ಇಲ್ಲಿಂದ ಮುಂದೆ ಗ್ರಂಥಪಾತ. ಖಂಡನ ಮಂಡನಗಳನ್ನು ಬರೆದಿದ್ದ ಹಾಳೆಗಳನ್ನು ಮಕ್ಕಳಿಬ್ಬರೂ ಆರು ಮಡಿಕೆ ಮಡಿಸಿ, ಕತ್ತರಿಸಿ, ಹಿಮದ ಹರಳು ಮಾಡಿ ಕಿಟಕಿಯ ಗಾಜಿಗೆ ಅಂಟಿಸಿದ್ದಾರೆ. ಅಕ್ಷರಗಳು ಹೊರಮುಖವಾಗಿವೆ. ಪಾಠ ಸಂಪಾದನೆ ಮಾಡಬಯಸುವ ವಿದ್ವಾಂಸರು ಅಂಗಳದಲ್ಲಿ ನಿಂತು ಓದಿಕೊಳ್ಳಬಹುದು. ಬರುವಾಗ ಕೋಟು ತರತಕ್ಕದ್ದು.