ಸದರಿ ಟ್ರಾವೆಲರ್‌ನ ಹೇಳಿಕೆ

ಟ್ರಾವೆಲರ್ ಎಂದರೆ ಹಾಯಿದೋಣಿಯ ಹಿಂಭಾಗದಲ್ಲಿ ಅಡ್ಡಲಾಗಿ ಕೂರಿಸಿದ ಅಲ್ಯೂಮಿನಿಯಂ ಹಳಿ ಮತ್ತು ಅದರ ಮೇಲೆ ಓಡಾಡುವ ಪುಟ್ಟ ಬಂಡಿ. ದೊಡ್ಡ ಹಾಯಿಯ ಬುಡದಲ್ಲಿರುವ ಅಡ್ಡದೂಲಕ್ಕೆ ಬೂಮ್ ಎನ್ನುತ್ತಾರೆ. ಬೂಮನ್ನು ಎಳೆದು ಹಿಡಿಯುವ ಹಗ್ಗ ಮೇನ್‌ಶೀಟ್; ಅದರ ಕೆಳಗಿನ ರಾಟೆ ಈ ಬಂಡಿಗೆ ಸಿಕ್ಕಿಸಿರುತ್ತದೆ. ಎರಡು ಒಡಲಿನ ಕ್ಯಾಟಮರಾನ್ ಅಗಲವಾದ್ದರಿಂದ ಅದರ ಹಳಿಯೂ ಉದ್ದ. ಮುಂದಿನ ಹೇಳಿಕೆ ಕೊಟ್ಟಿರುವುದು ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದ ಲ ಮರಾಂ ಬಂದರಿನಲ್ಲಿ ದಡಕ್ಕೇರಿಸಿರುವ, 1990ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ಬಾಡಿಗೆಗೆ ಓಡಿ ದಣಿದ ಕ್ಯಾಟಮರಾನಿನ ಟ್ರಾವೆಲರ್. ದೀರ್ಘ ಸೇವೆಯ ಫಲವಾಗಿ ಅದು ತನ್ನನ್ನು ‘ಸದರಿ ಟ್ರಾವೆಲರ್’ ಎಂದೇ ಕರೆದುಕೊಳ್ಳುತ್ತದೆ.

ಪ್ರಶ್ನೆ: ಸೇವಾ ವಿವರ?

ಟ್ರಾವೆಲರ್: ಅಟ್ಲಾಂಟಿಕ್ ಸಾಗರವನ್ನು ಒಮ್ಮೆ ದಾಟಲಾಗಿದೆ. ಇಡೀ ದಾರಿಯಲ್ಲಿ ಸದರಿ ಬಂಡಿ ಎರಡೂವರೆ ಮೀಟರಿನ ಆಚೆಗೆ ಕದಲಿಲ್ಲ. ಪ್ರಯಾಣ ಭತ್ಯೆಯ ಅರ್ಜಿ ಇತ್ಯರ್ಥವಾಗಿಲ್ಲ.

ಪ್ರಶ್ನೆ: ಗಾಳಿ ಜೋರಾದಾಗ ಹಗ್ಗವನ್ನೇ ಸಡಿಲಿಸಿದರಾಯಿತು. ಬಂಡಿಯ ಹುದ್ದೆ ಏಕೆ ಬೇಕು?

ಟ್ರಾವೆಲರ್: ಹಗ್ಗ ಬಿಟ್ಟರೆ ಬೂಮ್ ಪಕ್ಕಕ್ಕೆ ಹೋಗುವುದರ ಜೊತೆಗೆ ಮೇಲಕ್ಕೂ ಏಳುತ್ತದೆ. ಆಗ ಹಾಯಿಯ ಮೇಲ್ಭಾಗ ತಿರುಚಿಕೊಂಡು ಗಾಳಿಯನ್ನು ಚೆಲ್ಲುತ್ತದೆ. ಬಂಡಿಯನ್ನು ಗಾಳಿಯ ಮರೆಯ ಕಡೆಗೆ ಜಾರಿಸಿದರೆ ಆಕಾರ ಕೆಡದೆ ಇಡೀ ಹಾಯಿ ಹೊರಳುತ್ತದೆ, ಒತ್ತಡ ಇಳಿಯುತ್ತದೆ. ಒಂದೇ ಒಡಲಿನ ದೋಣಿ ಗಾಳಿಯ ಹೊಡೆತಕ್ಕೆ ವಾಲಿ ಒಂದಿಷ್ಟು ಭಾರ ತಪ್ಪಿಸಿಕೊಳ್ಳುತ್ತದೆ. ಕ್ಯಾಟಮರಾನಿಗೆ ವಾಲುವ ಅಭ್ಯಾಸವಿಲ್ಲ. ಎಲ್ಲವೂ ಪಟಸ್ತಂಭಕ್ಕೆ, ಹಗ್ಗಕ್ಕೆ, ಕೊನೆಗೆ ಸದರಿ ಬಂಡಿಯ ಕೊರಳಿಗೆ. ಗಾಳಿಯ ವೇಗ 15 ನಾಟ್‌ನಿಂದ 30ಕ್ಕೆ ಏರಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮಾಲೀಕರ ಲೆಕ್ಕದಲ್ಲಿ ಅದು ಇಂದಿಗೂ ಎರಡೇ ಪಟ್ಟು.

ಪ್ರಶ್ನೆ: ಬಂಡಿ ಕಿರುಗುಟ್ಟುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ ಎಂಬ ದೂರಿದೆ.

ಟ್ರಾವೆಲರ್: ದೂರು ನಿಜ. ಅದಕ್ಕೆ ಎಣ್ಣೆ ಸಿಂಪಡಿಸಿ ಕ್ರಮ ಕೈಗೊಳ್ಳಲಾಯಿತು. ಸಹಾರಾ ಮರುಭೂಮಿಯ ಧೂಳು ಸಾಗರ ದಾಟಿ ಈ ದ್ವೀಪಗಳ ತನಕ ಬರುತ್ತದೆ. ಅದು ಉಪ್ಪಿನೊಂದಿಗೆ ಎಣ್ಣೆಯಲ್ಲಿ ಕಲೆತು ಸಾಣೆ ಹಿಡಿಯುವ ಲೇಪವೇ ಆಯಿತು. ಬೇಕಾಗಿದ್ದದ್ದು ಒಂದು ಬಕೆಟ್ ಸಿಹಿನೀರು, ಚೂರು ಸೋಪು. ತೊಳೆಯುವಾಗ ಬಂಡಿಯನ್ನು ಈ ತುದಿಯಿಂದ ಆ ತುದಿಗೆ ಓಡಿಸುವ ತಾಳ್ಮೆ. ಮೇಲೆ ಗುಂಡುಗಳಿಗೆಂದೇ ತಯಾರಾದ ತೆಳು ದ್ರವದ ಒಂದೆರಡು ಹನಿ. ಗ್ರೀಸ್ ಬೇಡ.

ಪ್ರಶ್ನೆ: ಯಾವ ಗುಂಡುಗಳು?

ಟ್ರಾವೆಲರ್: ಬಂಡಿಯ ಹೊಟ್ಟೆಯೊಳಗೆ ಉರುಳುವ ಪ್ಲಾಸ್ಟಿಕ್ ಗುಂಡುಗಳು. ಅಮೆರಿಕದ ವಿಸ್ಕಾನ್ಸಿನ್‌ನ ಪೀಟರ್ ಮತ್ತು ಓಲಾಫ್ ಹಾರ್ಕನ್ ಸೋದರರು 1960ರ ದಶಕದಲ್ಲಿ ರಾಟೆಗಳಿಗೆ ಇಂಥ ಗುಂಡು ತುಂಬಿ ಹೆಸರಾದರು. ಡೆಲ್ರಿನ್ ಎಂಬ ಪ್ಲಾಸ್ಟಿಕ್ಕಿನ ಗುಂಡು ಅಗ್ಗ, ಆದರೆ ಭಾರ ಹೊತ್ತು ಒಂದೇ ಕಡೆ ನಿಂತರೆ ಚಪ್ಪಟೆಯಾಗುತ್ತದೆ. ಟೋರ್ಲಾನ್ ಗುಂಡು ಹೆಚ್ಚು ಭಾರ ತಡೆಯುತ್ತದೆ. ಹಳೆಯ ಬಂಡಿಯನ್ನು ಹಳಿಯ ತುದಿಯಿಂದ ಸುಮ್ಮನೆ ಎಳೆದರೆ ಗುಂಡುಗಳೆಲ್ಲ ಚೆಲ್ಲಿ, ಡೆಕ್ಕಿನ ನೀರು ಹೋಗುವ ತೂತು ಹುಡುಕಿಕೊಂಡು ಸಮುದ್ರ ಸೇರುತ್ತವೆ. ಅಳತೆಗೆ ಕತ್ತರಿಸಿದ ಹಳಿಯ ತುಂಡನ್ನು ಎದುರು ಹಿಡಿದು ಬಂಡಿಯನ್ನು ಅದರ ಮೇಲೆ ಜಾರಿಸಬೇಕು. ಈ ವಿಷಯ ಮಾಲೀಕರಿಗೆ ಗುಂಡುಗಳು ಹೋದ ಮೇಲೆ ತಿಳಿಯಿತು.

ಪ್ರಶ್ನೆ: ಹಾಗಾದರೆ ಹೊಸದನ್ನೇ ಹಾಕಿದರೆ ಮುಗಿಯಿತಲ್ಲ?

ಟ್ರಾವೆಲರ್: ಹೊಳೆಯುವ ಬಂಡಿಯ ಚಿತ್ರ ನೋಡಿ ಆದೇಶ ಹೊರಟಿದೆ. ದೋಣಿ ಫ್ರಾನ್ಸಿನದಾದರೂ ಹಿಂದಿನ ಮಾಲೀಕರು ಹಾಕಿಸಿದ ಈ ಹಳಿ ಅಮೆರಿಕದ ಹಳೆಯ ಸರಕು. ತೂತಿನಿಂದ ತೂತಿಗೆ 4 ಅಂಗುಲ, ಅಂದರೆ 101.6 ಮಿಲಿಮೀಟರ್. ಹೊಸ ಹಳಿ ತರಿಸಿದರೆ ಅದರದು 100 ಮಿಲಿಮೀಟರ್. ಮೊದಲ ತೂತು ಕೂಡುತ್ತದೆ, ಎರಡನೆಯದೂ ಒತ್ತಾಯಕ್ಕೆ ಕೂಡೀತು. 25 ಅಂತರ ದಾಟುವಷ್ಟರಲ್ಲಿ ತಪ್ಪು 40 ಮಿಲಿಮೀಟರ್. ಹಳೆಯ ತೂತುಗಳನ್ನೆಲ್ಲ ಎಪಾಕ್ಸಿಯಿಂದ ಮುಚ್ಚಿ ಹೊಸದಾಗಿ ಕೊರೆಯಲೇಬೇಕು.

ನಿಜವಾದ ಸಂಗತಿ ಇರುವುದು ಹಳಿಯ ಕೆಳಗೆ. ಈ ದೋಣಿಯ ಡೆಕ್ ಎಂದರೆ ಎರಡು ಪದರ ಫೈಬರ್‌ಗ್ಲಾಸ್, ನಡುವೆ ಬಾಲ್ಸಾ ಮರ. ಬೋಲ್ಟಿನ ಸುತ್ತಲ ಸೀಲೆಂಟ್ ಸತ್ತರೆ ನೀರು ಇಳಿದು ಬಾಲ್ಸಾ ಕೊಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ತನ್ನ ರಕ್ಷಣೆಯ ಪದರ ಉಳಿಸಿಕೊಳ್ಳಲು ಆಮ್ಲಜನಕ ಬೇಕು. ಗಾಳಿಯಾಡದ ಒದ್ದೆ ತೂತಿನಲ್ಲಿ ಅದು ಸಿಗದೆ ಬೋಲ್ಟಿನ ತಲೆ ಮೇಲೆ ಫಳಫಳ ಹೊಳೆಯುತ್ತಿರುವಾಗಲೇ ನಡು ಕೊರೆದುಹೋಗಿರುತ್ತದೆ. ಇದೇ ಸ್ಟೀಲು ಉಪ್ಪುನೀರಿನಲ್ಲಿ ಅಲ್ಯೂಮಿನಿಯಂಗೆ ತಾಗಿದ ಕಡೆ ಹಳಿ ಬಿಳಿ ಪುಡಿಯಾಗುತ್ತದೆ. ಎರಡರ ನಡುವೆ ಬೇರ್ಪಡಿಸುವ ಪೇಸ್ಟ್ ಸವರುವುದು ಅದಕ್ಕೇ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಒಳಗಿನ ಛಾವಣಿಯ ಹೊದಿಕೆ ಬಿಚ್ಚಿ ನಟ್ ನೋಡಬೇಕು, ಒಂದು ಬೋಲ್ಟ್ ಕಿತ್ತು ನೋಡಬೇಕು. ಮರ ಒದ್ದೆಯಿದ್ದರೆ ಒಣಗಿಸಿ, ತೂತನ್ನು ಹಿಗ್ಗಲಿಸಿ, ಎಪಾಕ್ಸಿ ತುಂಬಿ ಮತ್ತೆ ಕೊರೆಯಬೇಕು. ಕೆಳಗೆ ವಾಷರ್ ಸಾಲದು, ಅಗಲದ ಲೋಹದ ಪಟ್ಟಿ ಇರಬೇಕು. ಇದಕ್ಕೆ ಬೆನ್ನು ಬಗ್ಗಬೇಕು, ಫೋಟೋ ಮಾತ್ರ ಚೆನ್ನಾಗಿ ಬರುವುದಿಲ್ಲ. ಮಾಲೀಕರು ಸದ್ಯ ಐಸ್ ಮಾಡುವ ಯಂತ್ರದ ಬೆಲೆ ವಿಚಾರಿಸುತ್ತಿದ್ದಾರೆ.

ಪ್ರಶ್ನೆ: ಹಳಿಯ ತುದಿಯ ತಡೆ ಒಡೆದದ್ದು ಹೇಗೆ?

ಟ್ರಾವೆಲರ್: ಹಿಂದಿನಿಂದ ಬರುವ ಗಾಳಿಯಲ್ಲಿ ದೋಣಿ ತಿರುಗಿಸುವಾಗ ಹಾಯಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಬೀಸುತ್ತದೆ. ಅದಕ್ಕೆ ಮೊದಲೇ ಬಂಡಿಯನ್ನು ನಡುವಿಗೆ ತಂದು, ಅದನ್ನು ಎರಡೂ ಬದಿಗೆ ಎಳೆಯುವ ಹಗ್ಗಗಳನ್ನು ಬಿಗಿದು, ಮೇನ್‌ಶೀಟ್ ಎಳೆದುಕೊಂಡಿರಬೇಕು. ಇಲ್ಲದಿದ್ದರೆ ಬಂಡಿ ಓಡಿ ತುದಿಯ ತಡೆಗೆ ಬಡಿಯುತ್ತದೆ. ಬಾಡಿಗೆಯ ಗಿರಾಕಿಗಳು ಆಗ ಊಟ ಮಾಡುತ್ತಿದ್ದರು.

ಪ್ರಶ್ನೆ: ಹಳಿಯನ್ನೇ ಕಿತ್ತು, ಎರಡು ಬದಿಗೆ ಎರಡು ಹಗ್ಗ ಕಟ್ಟುವ ಪದ್ಧತಿಯೂ ಇದೆಯಂತೆ.

ಟ್ರಾವೆಲರ್: ಇದೆ. ಅಗ್ಗ, ಹಗುರ, ಬೂಮ್ ಎರಡೂ ಕಡೆಯಿಂದ ಬಿಗಿಯಾಗಿರುತ್ತದೆ. ಆದರೆ ಪ್ರತಿ ಸಲವೂ ಎರಡು ಹಗ್ಗ ನೋಡಿಕೊಳ್ಳಬೇಕು. ಅವುಗಳ ಕೊಂಡಿ ಹಾಕುವ ಜಾಗಕ್ಕೂ ಮೇಲೆ ಹೇಳಿದ ಬೋಲ್ಟುಗಳೇ ಬೇಕು.

ಪ್ರಶ್ನೆ: ಹಳೆಯ ಬಂಡಿಯ ಮುಂದಿನ ಗತಿ?

ಟ್ರಾವೆಲರ್: ನಿವೃತ್ತಿ ಪತ್ರ ಬಂದಿಲ್ಲ. ಹೊಸ ಬಂಡಿಯ ಹಳಿ 27 ಮಿಲಿಮೀಟರ್ ಅಗಲದ್ದು, ಇಲ್ಲಿರುವುದು 32. ಯಾರೂ ಅಳೆದಿರಲಿಲ್ಲ. ಸರಿಯಾದದ್ದು ಬರುವ ತನಕ ಸದರಿ ಟ್ರಾವೆಲರ್‌ಗೆ ಸೇವಾ ಮುಂದುವರಿಕೆ, ಹಳೆಯ ವೇತನದಲ್ಲೇ.